ಕ್ರಿಕೆಟ್ ಸಂಸ್ಥೆಯನ್ನು ನಡೆಸುವವರು

1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್ ಮೈದಾನದಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆಯಿತು. ಮದ್ರಾಸಿನ ಎದುರು ಆಡಿದ್ದು ಮೈಸೂರು. ಬೆಳಿಗ್ಗೆ ಶುರುವಾದ ಪಂದ್ಯ ಅದೇ ದಿನ ಮುಗಿದುಹೋಯಿತು. ಎ.ಜಿ. ರಾಮ್ ಸಿಂಗ್ ಅವರ ಬೌಲಿಂಗ್ ಮುಂದೆ ಮೈಸೂರಿನ ಬ್ಯಾಟಿಂಗ್ ಎರಡು ಸಲವೂ ಕುಸಿಯಿತು. ಆ ತಂಡವನ್ನು ಆರಿಸಿ ಕಳಿಸಿದ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು ಅದರ ಹಿಂದಿನ ವರ್ಷ, 1933ರಲ್ಲಿ. ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಮಾನ್ಯತೆ ಸಿಕ್ಕಿದ್ದು 1934ರಲ್ಲಿ. ಸಂಸ್ಥೆ ಇನ್ನೂ ಎಳೆಯದು, ತಂಡವೂ ಎಳೆಯದು.

ನಾಲ್ಕು ದಶಕ ಕಳೆದ ಮೇಲೆ, 1973–74ರ ಋತುವಿನಲ್ಲಿ, ಅದೇ ಸಂಸ್ಥೆಯ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮುಂಬಯಿಗೆ ತಡೆಯೊಡ್ಡಿತು. ಅದಕ್ಕೆ ಮೊದಲು ಮುಂಬಯಿ ಸತತವಾಗಿ 15 ವರ್ಷ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಎರಪಳ್ಳಿ ಪ್ರಸನ್ನ ಅವರ ನಾಯಕತ್ವದ ತಂಡ ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಟ್ರೋಫಿ ತಂದಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತ್ತು. ಸಂಸ್ಥೆಯೂ ಹೆಸರು ಬದಲಿಸಿಕೊಂಡು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯಾಗಿತ್ತು. ಹೊಸ ಹೆಸರಿನ ಮೊದಲ ಋತುವಿನಲ್ಲೇ ಮೊದಲ ರಣಜಿ ಗೆಲುವು ಬಂದಿತು. 1934ರ ಸೋಲಿನಿಂದ 1974ರ ಗೆಲುವಿನವರೆಗಿನ ದಾರಿಯಲ್ಲಿ ಆಡಿದವರ ಹೆಸರುಗಳು ಜನರ ನಾಲಿಗೆಯ ಮೇಲಿವೆ. ಲೀಗ್ ಪಂದ್ಯಗಳ ವೇಳಾಪಟ್ಟಿ ಹಾಕಿದವರು, ಮೈದಾನ ಕೇಳಿಕೊಂಡು ಕಾಲೇಜುಗಳ ಬಾಗಿಲಿಗೆ ಅಲೆದವರು, ಅಂಪೈರುಗಳನ್ನು ಹೊಂದಿಸಿದವರು, ಲೆಕ್ಕ ಬರೆದವರು ಯಾರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ರಾಜ್ಯಮಟ್ಟದ ಕ್ರೀಡಾ ಸಂಸ್ಥೆಯ ಆಡಳಿತ ಎಂದರೆ ಬಹುಪಾಲು ಇವರ ಕೆಲಸವೇ.

ಕಾನೂನಿನ ಕಣ್ಣಿನಲ್ಲಿ ಇಂಥ ಸಂಸ್ಥೆಯ ಸ್ವರೂಪ ತುಸು ವಿಚಿತ್ರವಾದದ್ದು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕ್ರೀಡೆ ರಾಜ್ಯಪಟ್ಟಿಗೆ, ಅದರ 33ನೆಯ ನಮೂದಿಗೆ ಸೇರಿದೆ. ನಾಟಕ, ಸಿನಿಮಾ, ಮನರಂಜನೆಗಳ ಜೊತೆಯಲ್ಲೇ ಕ್ರೀಡೆಯೂ ಅಲ್ಲಿದೆ. ಆದರೆ ಕ್ರಿಕೆಟ್ಟನ್ನು ನಡೆಸುತ್ತಿರುವುದು ಸರ್ಕಾರದ ಇಲಾಖೆಯಲ್ಲ, ಸದಸ್ಯರು ಕೂಡಿ ಕಟ್ಟಿಕೊಂಡ ಸಂಘ. ಅದಕ್ಕೆ ಬೈಲಾ ಇದೆ, ಸರ್ವಸದಸ್ಯರ ಸಭೆ ಇದೆ, ಮೂರು ವರ್ಷಕ್ಕೊಮ್ಮೆ ಚುನಾವಣೆ ಇದೆ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಖಜಾಂಚಿ ಎಂಬ ಪದಾಧಿಕಾರಿಗಳು, ಅವರ ಜೊತೆಗೆ ವ್ಯವಸ್ಥಾಪಕ ಸಮಿತಿಯ ಸದಸ್ಯರು. ಈ ಸ್ಥಾನಗಳಿಗೆ ಸಂಬಳವಿಲ್ಲ. ಹೆಸರಿನ ಮುಂದೆ ‘ಗೌರವ’ ಎಂಬ ಪದ ಸೇರಿಕೊಂಡಿದ್ದು ಹಾಗೆ.

ಸಂಘ ಖಾಸಗಿಯದು, ಕೆಲಸ ಮಾತ್ರ ಸಾರ್ವಜನಿಕವಾದದ್ದು. ರಾಜ್ಯದ ಹೆಸರಿನಲ್ಲಿ ತಂಡ ಕಟ್ಟುವ ಹಕ್ಕು ಈ ಒಂದು ಸಂಘಕ್ಕೆ ಮಾತ್ರ ಇದೆ. ಕಲಬುರಗಿಯ ಹುಡುಗನೊಬ್ಬ ರಣಜಿ ಆಡಬೇಕಾದರೆ ಇದೇ ಬಾಗಿಲಿಂದ ಒಳಗೆ ಬರಬೇಕು. ಪಕ್ಕದ ಬಾಗಿಲು ಎಂಬುದಿಲ್ಲ. ಈ ಇಬ್ಬಗೆಯನ್ನು ಸುಪ್ರೀಂ ಕೋರ್ಟ್ ಎರಡು ಹೆಜ್ಜೆಗಳಲ್ಲಿ ಬಿಡಿಸಿತು. 2005ರ ಜೀ ಟೆಲಿಫಿಲ್ಮ್ಸ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೈಕಿ ಮೂವರ ಬಹುಮತದ ತೀರ್ಪು, ಕ್ರಿಕೆಟ್ ಮಂಡಳಿ ಸಂವಿಧಾನದ 12ನೆಯ ವಿಧಿಯ ಅರ್ಥದಲ್ಲಿ ‘ಪ್ರಭುತ್ವ’ ಅಲ್ಲ ಎಂದಿತು. ಆದರೂ ಹೈಕೋರ್ಟಿನ ರಿಟ್ ಅಧಿಕಾರದಿಂದ ಅದು ಹೊರಗಿಲ್ಲ ಎಂದಿತು. 2015ರ ಜನವರಿಯಲ್ಲಿ ಬಿಹಾರ ಕ್ರಿಕೆಟ್ ಸಂಘದ ಪ್ರಕರಣದಲ್ಲಿ ಮಂಡಳಿ ಮಾಡುತ್ತಿರುವುದು ಸಾರ್ವಜನಿಕ ಕಾರ್ಯವೇ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಮಂಡಳಿಗೆ ಹೇಳಿದ ಮಾತು ರಾಜ್ಯ ಸಂಸ್ಥೆಗಳಿಗೂ ನ್ಯಾಯವಾಗಿಯೇ ಅನ್ವಯಿಸುತ್ತದೆ. ಖಾಸಗಿ ಮನೆಯೊಳಗೆ ಊರ ಬಾವಿ ಇದ್ದರೆ ಆ ಮನೆಯ ಯಜಮಾನಿಕೆ ಬರೀ ಯಜಮಾನಿಕೆಯಾಗಿ ಉಳಿಯುವುದಿಲ್ಲ.

ಮತ ಹಾಕುವವರು ಯಾರು ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯಲ್ಲಿ ಮತದಾರರು ಎರಡು ಬಗೆಯವರು: ಆಜೀವ ಸದಸ್ಯರು ಮತ್ತು ಸಂಯೋಜಿತ ಕ್ಲಬ್ಬುಗಳ ಪ್ರತಿನಿಧಿಗಳು. 2011ರ ಜನಗಣತಿಯಂತೆ ಆರು ಕೋಟಿ ದಾಟಿದ ಜನರಿರುವ ರಾಜ್ಯದ ಕ್ರಿಕೆಟ್ಟಿನ ಭವಿಷ್ಯವನ್ನು ಹೆಚ್ಚೆಂದರೆ ಒಂದೆರಡು ಸಾವಿರ ಮಂದಿ ತೀರ್ಮಾನಿಸುತ್ತಾರೆ. ಆಡುವ ಹುಡುಗ ಹುಡುಗಿಯರಿಗೆ ಮತವಿಲ್ಲ. ಅವರ ತಾಯಿತಂದೆಗಳಿಗೂ ಇಲ್ಲ. ಮತ ಇರುವವರಲ್ಲಿ ಅನೇಕರಿಗೆ ಪಂದ್ಯದ ದಿನದ ಆಸನ ಮತ್ತು ಕ್ಲಬ್ ಹೌಸಿನ ಸೌಲಭ್ಯ ಹತ್ತಿರದ ವಿಷಯಗಳು. ರಾಯಚೂರು ವಲಯದಲ್ಲಿ ಟರ್ಫ್ ಪಿಚ್ ಎಷ್ಟಿದೆ ಎಂಬುದು ದೂರದ ವಿಷಯ. ಇದು ಯಾರೊಬ್ಬರ ದೋಷವಲ್ಲ, ಸಂಘದ ರಚನೆಯಲ್ಲೇ ಇರುವ ಓರೆ. ಆಡಳಿತಗಾರರ ಬಗ್ಗೆ ಎತ್ತುವ ಯಾವ ಪ್ರಶ್ನೆಯೂ ಈ ಓರೆಯನ್ನು ಮರೆತರೆ ಅರ್ಧ ಪ್ರಶ್ನೆಯಾಗುತ್ತದೆ.

ಸಂಸ್ಥೆಯನ್ನು ಕಟ್ಟಿದ ತಲೆಮಾರಿನ ಹೆಸರುಗಳಲ್ಲಿ ಎಲ್ಲರ ಬಾಯಲ್ಲೂ ಉಳಿದದ್ದು ಎಂ. ಚಿನ್ನಸ್ವಾಮಿ ಅವರದು. ಅವರು ವೃತ್ತಿಯಿಂದ ವಕೀಲರು. ಸಂಸ್ಥೆಯ ಸ್ಥಾಪಕ ಆಡಳಿತಗಾರರಲ್ಲಿ ಒಬ್ಬರಾಗಿ, ನಾಲ್ಕು ದಶಕಗಳ ಕಾಲ ಅದರ ಕೆಲಸದಲ್ಲಿ ತೊಡಗಿದ್ದರು. 1977ರಿಂದ 1980ರವರೆಗೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ ಸುಮಾರು 17 ಎಕರೆ ಸರ್ಕಾರಿ ನೆಲವನ್ನು ಗುತ್ತಿಗೆಗೆ ಪಡೆದು ಸಂಸ್ಥೆ ಕ್ರೀಡಾಂಗಣ ಕಟ್ಟಲು ಹೊರಟದ್ದು ಈ ತಲೆಮಾರಿನ ಕಾಲದಲ್ಲಿ. 1969ರಲ್ಲಿ ಶಂಕುಸ್ಥಾಪನೆಯಾಯಿತು, 1970ರಲ್ಲಿ ಕೆಲಸ ಶುರುವಾಯಿತು. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ಎದುರು ಅಲ್ಲಿ ಮೊದಲ ಟೆಸ್ಟ್ ನಡೆಯಿತು. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರೂ ಟೆಸ್ಟ್ ಜೀವನ ಆರಂಭಿಸಿದ ಪಂದ್ಯ ಅದು. ಕ್ರಿಕೆಟ್ಟಿನಲ್ಲಿ ಇಂದಿನ ಹಣ ಇಲ್ಲದ ಕಾಲ. ದೂರದರ್ಶನದ ಪ್ರಸಾರ ಹಕ್ಕಿನಿಂದ ಕೋಟಿಗಟ್ಟಲೆ ಬರುವುದನ್ನು ಯಾರೂ ಊಹಿಸಿರಲಿಲ್ಲ. ಇಷ್ಟು ದೊಡ್ಡ ಕಟ್ಟಡವನ್ನು ಒಂದು ಸಂಘ ತನ್ನ ಹೆಗಲ ಮೇಲೆ ಹೊತ್ತುಕೊಂಡಿತು ಎಂಬುದು ಸಣ್ಣ ಸಂಗತಿಯಲ್ಲ. ಆ ಕ್ರೀಡಾಂಗಣಕ್ಕೆ ಮೊದಲು ಸಂಸ್ಥೆಯದೇ ಹೆಸರಿತ್ತು, ಚಿನ್ನಸ್ವಾಮಿ ಅವರ ಹೆಸರು ಆಮೇಲೆ ಬಂತು.

ಆ ಮಾದರಿಗೆ ಒಂದು ಗುಣವೂ ಇತ್ತು, ಒಂದು ಅಪಾಯವೂ ಇತ್ತು. ಒಬ್ಬ ವ್ಯಕ್ತಿ ದಶಕಗಳ ಕಾಲ ಕೂತಲ್ಲಿ ಕೆಲಸಕ್ಕೆ ನಿರಂತರತೆ ಬರುತ್ತದೆ. ಕಡತ ಎಲ್ಲಿದೆ, ಸರ್ಕಾರದಲ್ಲಿ ಯಾರನ್ನು ನೋಡಬೇಕು, ಯಾವ ಕ್ಲಬ್ಬಿನ ಕಾರ್ಯದರ್ಶಿ ಮಾತಿಗೆ ನಿಲ್ಲುವವನು ಎಂಬುದು ತಿಳಿದಿರುತ್ತದೆ. ಅದೇ ದೀರ್ಘಾವಧಿ, ಹಣ ಹೆಚ್ಚಾದ ಮೇಲೆ, ದೇಶದ ಅನೇಕ ರಾಜ್ಯಗಳಲ್ಲಿ ಕ್ರಿಕೆಟ್ ಸಂಸ್ಥೆಗಳನ್ನು ಮನೆತನದ ಆಸ್ತಿಯಂತೆ ಮಾಡಿತು. ಚಿನ್ನಸ್ವಾಮಿ ಅವರ ಕಾಲದ ನಿಷ್ಠೆಯನ್ನು ಹೊಗಳುವಾಗ, ಆ ನಿಷ್ಠೆ ವ್ಯಕ್ತಿಯ ಗುಣವಾಗಿತ್ತೇ ಹೊರತು ವ್ಯವಸ್ಥೆಯ ಕಟ್ಟುಪಾಡಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಪದಾಧಿಕಾರಿಗಳ ಕೆಳಗೆ ಇನ್ನೊಂದು ಆಡಳಿತವಿದೆ. ಆಟವನ್ನು ನಿಜಕ್ಕೂ ನಡೆಸುವುದು ಅದೇ. ಬೆಂಗಳೂರಿನ ಕ್ಲಬ್ ಲೀಗ್ ಹಲವು ಡಿವಿಜನ್ನುಗಳದು. ಫ್ರೆಂಡ್ಸ್ ಯೂನಿಯನ್, ಬೆಂಗಳೂರು ಯುನೈಟೆಡ್, ಸಿಟಿ ಕ್ರಿಕೆಟರ್ಸ್, ಸ್ವಸ್ತಿಕ್ ಯೂನಿಯನ್ ಇಂಥ ಹೆಸರುಗಳು ಹಳೆಯ ಬೆಂಗಳೂರಿಗರಿಗೆ ಬಡಾವಣೆಗಳ ಹೆಸರಿನಷ್ಟೇ ಪರಿಚಿತ. ಅನಿಲ್ ಕುಂಬ್ಳೆ 13ನೆಯ ವಯಸ್ಸಿನಲ್ಲಿ ಸೇರಿದ್ದು ಯಂಗ್ ಕ್ರಿಕೆಟರ್ಸ್ ಎಂಬ ಕ್ಲಬ್ಬಿಗೆ. ಇಂಥ ಕ್ಲಬ್ಬಿನ ಕಾರ್ಯದರ್ಶಿ ಸಾಮಾನ್ಯವಾಗಿ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಕೆಲಸ ಮಾಡುತ್ತ, ಶನಿವಾರ ಭಾನುವಾರಗಳನ್ನು ಮೈದಾನಕ್ಕೆ ಕೊಟ್ಟವರು. ಹನ್ನೊಂದು ಹುಡುಗರನ್ನು ಹೊತ್ತಿಗೆ ಸರಿಯಾಗಿ ಸೇರಿಸುವುದು, ಮ್ಯಾಟ್ ಹೊರಿಸುವುದು, ಚೆಂಡಿಗೆ ದುಡ್ಡು ಹೊಂದಿಸುವುದು, ಬ್ಯಾಟ್ ಕೊಳ್ಳಲಾಗದ ಹುಡುಗನಿಗೆ ಯಾರದೋ ಹಳೆಯ ಬ್ಯಾಟ್ ಕೊಡಿಸುವುದು, ಪಂದ್ಯ ಮುಗಿದ ಮೇಲೆ ಸ್ಕೋರ್ ಶೀಟನ್ನು ಸಂಸ್ಥೆಯ ಕಚೇರಿಗೆ ತಲುಪಿಸುವುದು, ಎಲ್ಲವೂ ಅವರ ಪಾಲಿಗೆ. ಆಯ್ಕೆ ಸಮಿತಿಯ ಮುಂದೆ ಒಬ್ಬ ಹುಡುಗನ ಹೆಸರು ಮೊದಲು ಬರುವುದು ಇವರ ಬಾಯಿಂದ. ರಾಜ್ಯದ ವಯೋಮಿತಿ ತಂಡಗಳು ಈ ಕಾರ್ಯದರ್ಶಿಗಳ ಪ್ರಾಮಾಣಿಕತೆಯ ಮೇಲೆ ಎಷ್ಟು ನಿಂತಿವೆ ಎಂಬುದನ್ನು ಅಳೆಯುವ ಮಾಪಕವಿಲ್ಲ. ತಿಮ್ಮಪ್ಪಯ್ಯ ಸ್ಮಾರಕ ಟೂರ್ನಿ, ವೈ.ಎಸ್. ರಾಮಸ್ವಾಮಿ ಸ್ಮಾರಕ ಟೂರ್ನಿ ಎಂಬ ಹೆಸರುಗಳಲ್ಲಿ ಹಿಂದಿನವರ ನೆನಪನ್ನು ಸಂಸ್ಥೆ ಉಳಿಸಿಕೊಂಡಿದೆ. ಕ್ಲಬ್ಬುಗಳ ಕಾರ್ಯದರ್ಶಿಗಳಲ್ಲಿ ಬಹುತೇಕರಿಗೆ ಅಷ್ಟು ನೆನಪೂ ದಕ್ಕಿಲ್ಲ.

ಬೆಂಗಳೂರಿನ ಹೊರಗೆ ಈ ಕೆಲಸ ವಲಯ ಸಂಚಾಲಕರದು. ಮೈಸೂರು, ಮಂಗಳೂರು, ಶಿವಮೊಗ್ಗ, ತುಮಕೂರು, ಧಾರವಾಡ, ರಾಯಚೂರು ಎಂದು ಆರು ವಲಯಗಳು. 1956ರ ರಾಜ್ಯ ಪುನರ್ವಿಂಗಡಣೆಯ ಮುನ್ನ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ರಾಯಚೂರು ಹೈದರಾಬಾದಿನಲ್ಲಿತ್ತು. ಆಡಳಿತದ ನಕ್ಷೆ ಒಂದಾದಷ್ಟು ಬೇಗ ಆಟದ ನಕ್ಷೆ ಒಂದಾಗಲಿಲ್ಲ. ಸಂಸ್ಥೆಯ ಕಚೇರಿ, ಟರ್ಫ್ ಪಿಚ್ಚುಗಳು, ದೊಡ್ಡ ಕ್ಲಬ್ಬುಗಳು, ಮತದಾರರು ಎಲ್ಲವೂ ಬೆಂಗಳೂರಿನಲ್ಲೇ ಒಟ್ಟುಗೂಡಿದ್ದವು. ಗದುಗಿನ ಸುನಿಲ್ ಜೋಶಿ ಹುಡುಗರಾಗಿದ್ದಾಗ ಬೆಳಗಿನ ಜಾವ ಎದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮತ್ತೆ ಗದುಗಿಗೆ ಮರಳುತ್ತಿದ್ದ ಕಥೆ ಉತ್ತರ ಕರ್ನಾಟಕದಲ್ಲಿ ಮನೆಮಾತು. ಅದನ್ನು ಛಲದ ಕಥೆಯಾಗಿ ಹೇಳುವುದು ರೂಢಿ. ಆಡಳಿತದ ದೃಷ್ಟಿಯಿಂದ ನೋಡಿದರೆ ಅದು ಮೈದಾನವಿಲ್ಲದ ಊರಿನ ಕಥೆ. ಜೋಶಿ ಭಾರತಕ್ಕೆ ಆಡಿದರು; ಅದೇ ದೂರಕ್ಕೆ ಸೋತು ಆಟ ಬಿಟ್ಟವರ ಲೆಕ್ಕ ಯಾರೂ ಇಟ್ಟಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್, ಮೈಸೂರಿನ ಜಾವಗಲ್ ಶ್ರೀನಾಥ್, ಅರಸೀಕೆರೆಯ ಡೇವಿಡ್ ಜಾನ್ಸನ್, ದಾವಣಗೆರೆಯ ವಿನಯ್ ಕುಮಾರ್, ಇವರೆಲ್ಲ ಒಂದಲ್ಲ ಒಂದು ಹಂತದಲ್ಲಿ ಬೆಂಗಳೂರಿನ ಬಾಗಿಲು ತಟ್ಟಿಯೇ ಮುಂದೆ ಹೋದವರು. 2013–14 ಮತ್ತು 2014–15ರಲ್ಲಿ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಸತತ ಎರಡು ಋತು ಗೆದ್ದಾಗ ನಾಯಕರಾಗಿದ್ದವರು ಆ ದಾವಣಗೆರೆಯ ವಿನಯ್ ಕುಮಾರ್.

ಹುಬ್ಬಳ್ಳಿಯ ರಾಜನಗರ, ಶಿವಮೊಗ್ಗದ ನವುಲೆ, ಬೆಳಗಾವಿ ಮತ್ತು ಮೈಸೂರಿನ ಗಂಗೋತ್ರಿ ಮೈದಾನಗಳಲ್ಲಿ ಇಂದು ದೊಡ್ಡ ಪಂದ್ಯಗಳನ್ನು ಆಡಿಸಬಹುದು. ಬೆಂಗಳೂರಿನ ಅಂಚಿನ ಆಲೂರಿನಲ್ಲಿ ಒಂದೇ ಆವರಣದಲ್ಲಿ ಮೂರು ಮೈದಾನಗಳಿವೆ. ಕಳೆದ ಕೆಲವು ದಶಕಗಳ ಆಡಳಿತ ಮಂಡಳಿಗಳು ಮಾಡಿದ ಕೆಲಸಗಳಲ್ಲಿ ಉಳಿಯುವಂಥದ್ದು ಇದೇ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸೌರವಿದ್ಯುತ್ ಫಲಕಗಳು ಬಂದವು, 2017ರಲ್ಲಿ ಮಳೆನೀರನ್ನು ನೆಲದೊಳಗಿಂದಲೇ ಹೀರುವ ಸಬ್‌ಏರ್ ವ್ಯವಸ್ಥೆ ಬಂತು. ಅವೂ ಒಳ್ಳೆಯ ಕೆಲಸಗಳೇ. ಆದರೆ ಹುಬ್ಬಳ್ಳಿಯಲ್ಲಿ ಒಂದು ಟರ್ಫ್ ಮೈದಾನ ಎದ್ದಾಗ ಗದುಗಿನ ಹುಡುಗನ ದಾರಿ ಎಷ್ಟು ಹತ್ತಿರವಾಗುತ್ತದೋ ಅಷ್ಟು ಹತ್ತಿರ ಬೇರಾವ ಯಂತ್ರದಿಂದಲೂ ಆಗುವುದಿಲ್ಲ.

ವಕೀಲರು, ಉದ್ಯಮಿಗಳು, ಅಧಿಕಾರಿಗಳು ನಡೆಸುತ್ತಿದ್ದ ಸಂಸ್ಥೆಯ ಚುಕ್ಕಾಣಿ ನಿಧಾನವಾಗಿ ಮಾಜಿ ಆಟಗಾರರ ಕೈಗೆ ಬಂದದ್ದು ಕರ್ನಾಟಕದ ವಿಶೇಷ. ಬ್ರಿಜೇಶ್ ಪಟೇಲ್ 1974ರ ಆ ಸೆಮಿಫೈನಲ್‌ನಲ್ಲಿ ವಿಶ್ವನಾಥ್ ಜೊತೆ ಶತಕ ಹೊಡೆದವರು, 1982–83ರಲ್ಲಿ ರಣಜಿ ಗೆದ್ದ ತಂಡದ ನಾಯಕರು. ಆಟ ಬಿಟ್ಟ ಮೇಲೆ ಸಂಸ್ಥೆಯ ಕಾರ್ಯದರ್ಶಿಯಾಗಿ ದೀರ್ಘಕಾಲ ಕೆಲಸ ಮಾಡಿದರು. 2019ರಲ್ಲಿ ಐಪಿಎಲ್ ಆಡಳಿತ ಮಂಡಳಿಯ ಅಧ್ಯಕ್ಷರೂ ಆದರು. 2010ರ ನವೆಂಬರಿನ ಚುನಾವಣೆ ಇಡೀ ದೇಶದ ಗಮನ ಸೆಳೆಯಿತು. ಅನಿಲ್ ಕುಂಬ್ಳೆ ಅಧ್ಯಕ್ಷ ಸ್ಥಾನಕ್ಕೆ, ಶ್ರೀನಾಥ್ ಕಾರ್ಯದರ್ಶಿ ಸ್ಥಾನಕ್ಕೆ, ವೆಂಕಟೇಶ್ ಪ್ರಸಾದ್ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಗೆದ್ದರು. ಅಧ್ಯಕ್ಷ ಸ್ಥಾನದಲ್ಲಿ ಎದುರಾಳಿಯಾಗಿದ್ದವರು ಮೈಸೂರು ರಾಜಮನೆತನದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಭಾರತದ ಬೌಲಿಂಗನ್ನು ಹೊತ್ತಿದ್ದ ಮೂವರು ಸಹ ಆಟಗಾರರು ತಮ್ಮದೇ ರಾಜ್ಯದ ಸಂಸ್ಥೆಯನ್ನು ಒಟ್ಟಾಗಿ ನಡೆಸಲು ಮುಂದಾದದ್ದು ಅಪರೂಪದ ಘಟನೆ. ಮೂರು ವರ್ಷದ ಅವಧಿ ಮುಗಿದಾಗ ಕುಂಬ್ಳೆ ಮತ್ತೆ ಸ್ಪರ್ಧಿಸಲಿಲ್ಲ. 2013ರ ಡಿಸೆಂಬರ್ 1ರಂದು ಒಡೆಯರ್ ಅಧ್ಯಕ್ಷರಾಗಿ ಆಯ್ಕೆಯಾದರು, ಹತ್ತೇ ದಿನಗಳೊಳಗೆ, ಡಿಸೆಂಬರ್ 10ರಂದು ತೀರಿಕೊಂಡರು. 2019ರಲ್ಲಿ, 1983ರ ವಿಶ್ವಕಪ್ ವಿಜೇತ ತಂಡದ ರೋಜರ್ ಬಿನ್ನಿ ಅಧ್ಯಕ್ಷರಾದರು. 2022ರ ಅಕ್ಟೋಬರಿನಲ್ಲಿ ಅವರು ಭಾರತೀಯ ಮಂಡಳಿಯ ಅಧ್ಯಕ್ಷರಾದ ಮೇಲೆ ಎಡಗೈ ಸ್ಪಿನ್ನರ್ ರಘುರಾಮ್ ಭಟ್ ರಾಜ್ಯ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ ಬಂದರು. 2025ರ ಡಿಸೆಂಬರಿನಲ್ಲಿ ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾಗಿ ಆಯ್ಕೆಯಾದರು.

ಮಾಜಿ ಆಟಗಾರರೇ ಆಳಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಅದರಲ್ಲಿ ಅರ್ಧ ನಿಜವಿದೆ. ಪಿಚ್ಚಿನ ಗುಣ, ಹದಿನಾರರ ಹುಡುಗನ ಭುಜದ ನೋವು, ರಣಜಿ ಪಂದ್ಯದ ನಡುವಿನ ಪ್ರಯಾಣದ ದಣಿವು, ಇವೆಲ್ಲ ಆಡಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಆಡಳಿತ ಬೇರೆಯೇ ವಿದ್ಯೆ. ಟೆಂಡರು, ಗುತ್ತಿಗೆಯ ಕರಾರು, ಲೆಕ್ಕ ತಪಾಸಣೆ, ಮಕ್ಕಳ ಸುರಕ್ಷತೆ, ಅಗ್ನಿಶಾಮಕ ಇಲಾಖೆಯ ಅನುಮತಿ, ಜನಸಂದಣಿಯ ನಿರ್ವಹಣೆ, ಇವುಗಳನ್ನು ಸ್ಲಿಪ್ಪಿನಲ್ಲಿ ನಿಂತು ಕಲಿಯಲಾಗುವುದಿಲ್ಲ. ಜೊತೆಗೆ ಮಾಜಿ ಆಟಗಾರರಿಗೆ ಹಿತಾಸಕ್ತಿ ಸಂಘರ್ಷದ ತೊಡಕು ಹೆಚ್ಚು. ಅವರಲ್ಲಿ ಅನೇಕರಿಗೆ ಅಕಾಡೆಮಿಗಳಿರುತ್ತವೆ, ವೀಕ್ಷಕ ವಿವರಣೆಯ ಒಪ್ಪಂದಗಳಿರುತ್ತವೆ, ತರಬೇತಿಯ ಹುದ್ದೆಗಳಿರುತ್ತವೆ. ಒಂದೇ ಕೈ ಹುಡುಗನಿಗೆ ಶುಲ್ಕ ಪಡೆದು ಕಲಿಸುವುದೂ ಅವನನ್ನು ರಾಜ್ಯ ತಂಡಕ್ಕೆ ಆರಿಸುವುದೂ ಆದಾಗ, ಆ ಕೈ ಎಷ್ಟೇ ಶುದ್ಧವಾಗಿರಲಿ, ಆಯ್ಕೆಯಾಗದ ಹುಡುಗನ ಮನೆಯಲ್ಲಿ ಅನುಮಾನ ಉಳಿದೇ ಉಳಿಯುತ್ತದೆ. ಆ ಅನುಮಾನಕ್ಕೆ ಎಡೆ ಕೊಡದಿರುವುದೂ ಆಡಳಿತಗಾರನ ಕರ್ತವ್ಯದ ಭಾಗ.

ದೇಶದ ಮಟ್ಟದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ್ದು ನ್ಯಾಯಮೂರ್ತಿ ಆರ್.ಎಂ. ಲೋಧಾ ಸಮಿತಿ. 2013ರ ಐಪಿಎಲ್ ಬೆಟ್ಟಿಂಗ್ ಹಗರಣದ ಹಿನ್ನೆಲೆಯಲ್ಲಿ 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರಚಿಸಿತು. 2016ರ ಜನವರಿ 4ರಂದು ಸಮಿತಿ ವರದಿ ಕೊಟ್ಟಿತು. ಅದೇ ವರ್ಷ ಜುಲೈ 18ರಂದು ನ್ಯಾಯಾಲಯ ಬಹುಪಾಲು ಶಿಫಾರಸುಗಳನ್ನು ಒಪ್ಪಿತು. 70 ವರ್ಷ ತುಂಬಿದವರು, ಮಂತ್ರಿಗಳು, ಸರ್ಕಾರಿ ನೌಕರರು ಪದಾಧಿಕಾರಿಗಳಾಗುವಂತಿಲ್ಲ. ಒಂದು ಅವಧಿ ಮೂರು ವರ್ಷ, ಒಟ್ಟು ಒಂಬತ್ತು ವರ್ಷಕ್ಕಿಂತ ಹೆಚ್ಚಿಲ್ಲ, ಅವಧಿಗಳ ನಡುವೆ ಕಡ್ಡಾಯ ವಿರಾಮ. ನೀತಿ ರೂಪಿಸುವುದು ಚುನಾಯಿತರ ಕೆಲಸ, ದಿನನಿತ್ಯದ ಕಾರ್ಯಭಾರ ಸಂಬಳ ಪಡೆಯುವ ವೃತ್ತಿಪರರ ಕೆಲಸ. ಮಂಡಳಿಯ ಒಂಬತ್ತು ಜನರ ಅಪೆಕ್ಸ್ ಕೌನ್ಸಿಲ್‌ನಲ್ಲಿ ಆಟಗಾರರ ಸಂಘದಿಂದ ಒಬ್ಬ ಪುರುಷ, ಒಬ್ಬ ಮಹಿಳೆ, ಮಹಾಲೇಖಪಾಲರಿಂದ ಒಬ್ಬ ಪ್ರತಿನಿಧಿ ಇರಬೇಕು. ರಾಜ್ಯ ಸಂಸ್ಥೆಗಳು ತಮ್ಮ ಬೈಲಾಗಳನ್ನು ಇದಕ್ಕೆ ಹೊಂದಿಸಿಕೊಳ್ಳಬೇಕು.

ಹೊಂದಿಸಿಕೊಳ್ಳುವುದು ಸುಲಭವಾಗಲಿಲ್ಲ. 2017ರ ಜನವರಿಯಲ್ಲಿ ನ್ಯಾಯಾಲಯ ಮಂಡಳಿಯ ಅಧ್ಯಕ್ಷ, ಕಾರ್ಯದರ್ಶಿಗಳನ್ನೇ ತೆಗೆದುಹಾಕಿ ನಾಲ್ವರು ಆಡಳಿತಾಧಿಕಾರಿಗಳ ಸಮಿತಿ ನೇಮಿಸಿತು. ಅದರಲ್ಲಿ ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ ಇದ್ದರು. ಅದೇ ವರ್ಷ ಜೂನ್ ಹೊತ್ತಿಗೆ, ಹಿತಾಸಕ್ತಿ ಸಂಘರ್ಷ ಮತ್ತು ತಾರಾ ಆಟಗಾರರ ಪ್ರಭಾವದ ಬಗ್ಗೆ ಕಟುವಾದ ಪತ್ರ ಬರೆದು ಹೊರಬಂದರು. ಆಮೇಲೆ ಸುಧಾರಣೆಯ ಹರಿತ ಕಡಿಮೆಯಾಗುತ್ತ ಹೋಯಿತು. ಪ್ರತಿ ಅವಧಿಯ ನಂತರ ಇದ್ದ ವಿರಾಮವನ್ನು 2018ರ ಆಗಸ್ಟ್‌ನಲ್ಲಿ ಎರಡು ಅವಧಿಗಳ ನಂತರಕ್ಕೆ ಸರಿಸಲಾಯಿತು. 2022ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಸ್ಥೆಯಲ್ಲಿ ಆರು, ಮಂಡಳಿಯಲ್ಲಿ ಆರು, ಹೀಗೆ 12 ವರ್ಷ ಸತತವಾಗಿ ಇರಲು ಅವಕಾಶವಾಯಿತು. ಕುರ್ಚಿ ಬಿಟ್ಟು ಏಳುವುದನ್ನು ನಿಯಮವಾಗಿ ಮಾಡಿದ್ದೇ ಲೋಧಾ ವರದಿಯ ದೊಡ್ಡ ಸಾಧನೆ. ಆ ನಿಯಮ ಸಡಿಲವಾದದ್ದು ನಷ್ಟವೇ ಸರಿ.

ಮಹಿಳೆಯರ ವಿಷಯದಲ್ಲಿ ಆಡಳಿತ ತಡವಾಗಿ ಎಚ್ಚೆತ್ತಿತು. ಭಾರತದ ಮಹಿಳಾ ತಂಡ ತನ್ನ ಮೊದಲ ಟೆಸ್ಟ್ ಆಡಿದ್ದು 1976ರ ಅಕ್ಟೋಬರ್ 31ರಿಂದ, ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ಎದುರು. ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಆದರೆ ಆಗಿನ ಮಹಿಳಾ ಕ್ರಿಕೆಟ್ ನಡೆಯುತ್ತಿದ್ದದ್ದು 1973ರಲ್ಲಿ ಹುಟ್ಟಿದ ಬೇರೆಯೇ ಸಂಘದ ಕೆಳಗೆ, ತೀರ ಕಡಿಮೆ ಹಣದಲ್ಲಿ. ಅದು ಭಾರತೀಯ ಮಂಡಳಿಯ ತೆಕ್ಕೆಗೆ ಬಂದದ್ದು 2006ರಲ್ಲಿ. ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್ ಫೈನಲ್ ಆಡಿದರು. ಅದೇ ಕೂಟದಲ್ಲಿ ನ್ಯೂಜಿಲೆಂಡ್ ಎದುರು ಗಾಯಕವಾಡ್ 15 ರನ್ನಿಗೆ ಐದು ವಿಕೆಟ್ ತೆಗೆದರು. ಆಡುವ ಹೆಣ್ಣುಮಕ್ಕಳು ಇಷ್ಟು ಮುಂದೆ ಹೋದರೂ ಆಡಳಿತದ ಮೇಜಿನ ಸುತ್ತ ಅವರಿಗೆ ಕುರ್ಚಿ ಇರಲಿಲ್ಲ. ಶಾಂತಾ ರಂಗಸ್ವಾಮಿ 2019ರಲ್ಲಿ ಆಟಗಾರರ ಸಂಘದ ಪ್ರತಿನಿಧಿಯಾಗಿ ಮಂಡಳಿಯ ಅಪೆಕ್ಸ್ ಕೌನ್ಸಿಲ್ ಪ್ರವೇಶಿಸಿದ್ದು, ಆ ಮೊದಲ ಟೆಸ್ಟಿನ 43 ವರ್ಷಗಳ ಬಳಿಕ.

ಆಡಳಿತದ ಲೋಪ ಎರಡು ಸಲ ಕರ್ನಾಟಕವನ್ನು ತಲೆತಗ್ಗಿಸುವಂತೆ ಮಾಡಿದೆ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್, ಜಿಲ್ಲೆಗಳ ಹುಡುಗರಿಗೆ ವೇದಿಕೆಯಾಗಲಿ ಎಂಬ ಒಳ್ಳೆಯ ಉದ್ದೇಶದ್ದು. 2019ರಲ್ಲಿ ಬೆಂಗಳೂರು ಪೊಲೀಸರು ಅಲ್ಲಿಯ ಬೆಟ್ಟಿಂಗ್ ಮತ್ತು ಫಿಕ್ಸಿಂಗ್ ಆರೋಪಗಳ ಬೆನ್ನುಹತ್ತಿ ಆಟಗಾರರನ್ನೂ ತಂಡದ ಮಾಲೀಕರೊಬ್ಬರನ್ನೂ ಬಂಧಿಸಿದರು. ಲೀಗ್ ನಿಂತುಹೋಯಿತು, 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೆಸರಿನಲ್ಲಿ ಬೇರೆ ರೂಪ ತಳೆಯಿತು. ಹಣದ ಹರಿವು ಶುರುವಾಗುವ ಮುನ್ನವೇ ಕಾವಲು ಕೂರಿಸಬೇಕು ಎಂಬುದು ಅಲ್ಲಿ ಎಲ್ಲರಿಗೂ ಅರಿವಾದ ಸಂಗತಿ.

ಎರಡನೆಯದಕ್ಕೆ ಪರಿಹಾರವೇ ಇಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನವೇ ಬೆಂಗಳೂರಿನಲ್ಲಿ ವಿಜಯೋತ್ಸವ. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ನೂಕುನುಗ್ಗಲಾಗಿ 11 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ಸಂಸ್ಥೆಯ ಕಾರ್ಯದರ್ಶಿ ಮತ್ತು ಖಜಾಂಚಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕೇಲ್ ಡಿ’ಕುನ್ಹಾ ಅವರ ಏಕಸದಸ್ಯ ಆಯೋಗ, ಆ ಕ್ರೀಡಾಂಗಣ ಭಾರಿ ಜನಸಂದಣಿಯ ಕಾರ್ಯಕ್ರಮಗಳಿಗೆ ತಕ್ಕುದಲ್ಲ ಎಂದಿತು. ಆ ವರ್ಷದ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು; ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬಯಿಗೆ ಹೋದವು. ಅಂದಿನ ಹೊಣೆ ಯಾರಿಗೆ ಎಷ್ಟು ಎಂಬುದನ್ನು ನ್ಯಾಯಾಲಯಗಳು ತೀರ್ಮಾನಿಸಲಿ. ಆಡಳಿತದ ಅಧ್ಯಯನಕ್ಕೆ ಉಳಿಯುವ ಮಾತು ಬೇರೆ. ಮೈದಾನ ಸಂಸ್ಥೆಯದು, ತಂಡ ಕಂಪನಿಯದು, ರಸ್ತೆ ಪೊಲೀಸರದು, ಸಂಭ್ರಮ ಎಲ್ಲರದು ಎಂದು ಹಂಚಿಹೋದ ಕಡೆ ಗೇಟಿನ ಮುಂದೆ ನಿಂತ ಹುಡುಗಿಯ ಜೀವದ ಹೊಣೆಗೆ ಹೆಸರಿರಲಿಲ್ಲ. ‘ಗೌರವ’ ಹುದ್ದೆ ಎಂದರೆ ಸಂಬಳವಿಲ್ಲದ ಹುದ್ದೆ, ಹೊಣೆಯಿಲ್ಲದ ಹುದ್ದೆಯಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 18ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ರಾಷ್ಟ್ರೀಯ ಒಕ್ಕೂಟಗಳ ಕಾರ್ಯಕಾರಿ ಸಮಿತಿ 15 ಜನರನ್ನು ಮೀರಬಾರದು, ಅದರಲ್ಲಿ ಕನಿಷ್ಠ ನಾಲ್ವರು ಮಹಿಳೆಯರು, ಕನಿಷ್ಠ ಇಬ್ಬರು ಉತ್ಕೃಷ್ಟ ಸಾಧನೆಯ ಕ್ರೀಡಾಪಟುಗಳು ಇರಬೇಕು. ವಿವಾದಗಳಿಗೆ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ. ಅಂತರರಾಷ್ಟ್ರೀಯ ನಿಯಮ ಒಪ್ಪಿದರೆ 70ರಿಂದ 75ರ ವಯಸ್ಸಿನವರೂ ಸ್ಪರ್ಧಿಸಬಹುದು. ಅಂತರರಾಷ್ಟ್ರೀಯ ನಿಯಮಗಳನ್ನು ಕಾಯ್ದೆ ಗಣನೆಗೆ ತೆಗೆದುಕೊಂಡಿರುವುದಕ್ಕೆ ಕಾರಣವಿದೆ: ಹೊರಗಿನವರ ಹಸ್ತಕ್ಷೇಪದ ಕಾರಣ ಕೊಟ್ಟು ಫಿಫಾ 2022ರ ಆಗಸ್ಟ್‌ನಲ್ಲಿ ಭಾರತದ ಫುಟ್‌ಬಾಲ್ ಒಕ್ಕೂಟವನ್ನು ಅಮಾನತು ಮಾಡಿ, ಹನ್ನೊಂದು ದಿನಗಳ ನಂತರ ತೆರವುಗೊಳಿಸಿದ ನೆನಪು ಹಸಿಯಾಗಿದೆ. ಸರ್ಕಾರದ ಕೈ ಬಿಗಿಯಾದರೆ ಅಲ್ಲಿಂದ ಪೆಟ್ಟು, ಸಡಿಲವಾದರೆ ಒಳಗಿಂದ ಪೆಟ್ಟು.

ಕಾಯ್ದೆ ಮುಖ್ಯವಾಗಿ ಮೇಲಿನ ಮೆಟ್ಟಿಲಿನದು. ವಯಸ್ಸು, ಅವಧಿ, ಮೀಸಲು ಸ್ಥಾನ, ಇವುಗಳಿಂದ ಯಾರು ಬರಬಾರದು ಎಂಬುದು ನಿಶ್ಚಯವಾಗುತ್ತದೆ. ಬಂದವರು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದು ಆಗುವುದಿಲ್ಲ. ಅದನ್ನು ಮಾಡಬಲ್ಲವರು ಆ ಒಂದೆರಡು ಸಾವಿರ ಮತದಾರರೇ. ಪ್ರತಿ ವಲಯಕ್ಕೆ ಎಷ್ಟು ಹಣ ಹೋಯಿತು, ಎಷ್ಟು ಪಂದ್ಯಗಳಾದವು, ಎಷ್ಟು ಹೆಣ್ಣುಮಕ್ಕಳು ಆಡಿದರು, ಆಯ್ಕೆ ಶಿಬಿರ ಎಲ್ಲಿ ಯಾವಾಗ ನಡೆಯಿತು ಎಂಬ ವಿವರ ಕನ್ನಡದಲ್ಲಿ, ಎಲ್ಲರಿಗೂ ಸಿಗುವಂತೆ, ವರ್ಷಕ್ಕೊಮ್ಮೆ ಪ್ರಕಟವಾಗಲಿ ಎಂದು ಅವರು ಸರ್ವಸದಸ್ಯರ ಸಭೆಯಲ್ಲಿ ಕೇಳಬೇಕು. ಕೇಳಲು ಬೈಲಾ ತಿದ್ದಬೇಕಾಗಿಲ್ಲ. ಈಗಿನ ಸಮಿತಿಯ ಮೂರು ವರ್ಷದ ಅವಧಿ ಮುಗಿಯುವುದು 2028ರಲ್ಲಿ. ಅಂದು ಮತಗಟ್ಟೆಗೆ ಹೋಗುವ ಪ್ರತಿಯೊಬ್ಬ ಸದಸ್ಯರೂ ಅಷ್ಟರೊಳಗೆ ಬೆಂಗಳೂರಿನಾಚೆಯ ಒಂದು ವಲಯದ ಲೀಗ್ ಪಂದ್ಯವನ್ನಾದರೂ, ಒಂದು ದಿನ ಪೂರ್ತಿ, ಬೌಂಡರಿ ಗೆರೆಯ ಪಕ್ಕದಲ್ಲಿ ಕೂತು ನೋಡಿ ಬರಲಿ.